ಮಾದರಿ ‘ಸೂಕ್ತ’ ಎಂದ ನದಿಯಲ್ಲಿ ಒಂದೂ ಕಪ್ಪೆಚಿಪ್ಪು ಸಿಗದಿದ್ದರೆ?

ಪ್ರಶ್ನೆ: ಅಳಿವಿನಂಚಿನ ಸಿಹಿನೀರಿನ ಕಪ್ಪೆಚಿಪ್ಪಿಗಾಗಿ ಆವಾಸ ಮಾದರಿ, ಅಂದರೆ ಅದು ಎಲ್ಲೆಲ್ಲಿ ಬದುಕಬಲ್ಲದೆಂದು ಲೆಕ್ಕಹಾಕಿ ಹೇಳುವ ಕಂಪ್ಯೂಟರ್ ಮಾದರಿ, ತಯಾರಿಸಿದೆವು. ಅದು ಅತಿ ಸೂಕ್ತವೆಂದು ತೋರಿಸಿದ ನದಿಭಾಗದಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಆ ಭಾಗವನ್ನು ಸಂರಕ್ಷಣೆಯ ಪಟ್ಟಿಯಿಂದ ಕೈಬಿಡಬೇಕೇ?

ಉತ್ತರ: ಈಗಲೇ ಬೇಡ. ‘ಸಿಗಲಿಲ್ಲ’ ಎನ್ನುವುದಕ್ಕೂ ‘ಇಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಈ ಪ್ರಾಣಿ ಜಲ್ಲಿಯಲ್ಲಿ ಹೂತುಕೊಂಡು, ನೀರೆಳೆದು ಬಿಡುವ ಎರಡು ಸೀಳುಗಳನ್ನಷ್ಟೇ ಹೊರಗಿಟ್ಟಿರುತ್ತದೆ; ಚಳಿ ಹೆಚ್ಚಿದರೆ ಅದೂ ಕಾಣದಷ್ಟು ಕೆಳಗಿಳಿಯುತ್ತದೆ. ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಂಭವ 0.4 ಎಂದಿಟ್ಟುಕೊಳ್ಳಿ. ಮೂರು ಸಲ ಹೋದರೂ ತಪ್ಪಿಹೋಗುವ ಸಂಭವ 0.6 × 0.6 × 0.6, ಅಂದರೆ ಸುಮಾರು 0.22. ಐದರಲ್ಲೊಂದು ಸಲ ಇರುವುದನ್ನೇ ಇಲ್ಲವೆಂದು ಬರೆದುಬಿಡುತ್ತೇವೆ. ನೀರು ಇಳಿದು ತಿಳಿಯಾಗಿ, ಬೆಚ್ಚಗಿರುವ ತಿಂಗಳುಗಳಲ್ಲಿ ಸ್ನಾರ್ಕೆಲ್ ಹಾಕಿ, ತಳವನ್ನು ಬೆರಳಿಂದ ತಡಕುತ್ತಾ ಮೂರ್ನಾಲ್ಕು ಬಾರಿ ಹುಡುಕಿ. ಹುಡುಕಿದ ನಿಮಿಷ, ನೀರಿನ ಕದಡು ಎರಡನ್ನೂ ಬರೆದಿಡಿ. ಕೆಲವೆಡೆ 0.25 ಚದರ ಮೀಟರ್ ಚೌಕಟ್ಟಿಟ್ಟು ಜಲ್ಲಿ ಅಗೆದು ಜರಡಿ ಹಿಡಿಯಲೇಬೇಕು, ಇಲ್ಲದಿದ್ದರೆ ಮರಿಗಳು ಸಿಗುವುದಿಲ್ಲ.

ಆಮೇಲೂ ಬರಿಗೈಯಾದರೆ ಮಾದರಿಯ ಮೂಲ ದತ್ತಾಂಶ ನೋಡಿ. ಹಳೆಯ ದಾಖಲೆಗಳು ಬಹುಪಾಲು ಸೇತುವೆಗಳ ಆಸುಪಾಸಿನವು, ಏಕೆಂದರೆ ನದಿಗೆ ಇಳಿಯಲು ಸುಲಭವಾದ ಜಾಗ ಅದು. ಮ್ಯಾಕ್ಸೆಂಟ್ ತಂತ್ರಾಂಶದಂಥ ‘ಇರುವಿಕೆ-ಮಾತ್ರ’ ಮಾದರಿ (ಜೀವಿ ಸಿಕ್ಕ ಜಾಗಗಳ ದಾಖಲೆಯನ್ನಷ್ಟೇ ಬಳಸುವಂಥದ್ದು) ಕಲಿತದ್ದು ಕಪ್ಪೆಚಿಪ್ಪಿನ ಇಷ್ಟವನ್ನಲ್ಲ, ಸಮೀಕ್ಷಕರ ದಾರಿಯನ್ನಾಗಿರಬಹುದು. ಹೋಲಿಕೆಗಾಗಿ ಮಾದರಿಗೆ ಕೊಡುವ ‘ಹಿನ್ನೆಲೆ ಬಿಂದು’ಗಳನ್ನೂ ಸಮೀಕ್ಷೆ ನಡೆದ ಜಾಗಗಳಿಂದಲೇ ಆರಿಸಿದರೆ ಈ ವಾಲು ತಗ್ಗುತ್ತದೆ. ಮಾದರಿಯ ಪರೀಕ್ಷೆಗೆ ಬಿಡಿ ಬಿಂದುಗಳನ್ನಲ್ಲ, ಇಡೀ ಉಪನದಿ ಕಣಿವೆಗಳನ್ನೇ ಬದಿಗಿಡಿ. ಪಕ್ಕಪಕ್ಕದ ಬಿಂದುಗಳು ಒಂದನ್ನೊಂದು ಹೋಲುವುದರಿಂದ ಮಾದರಿಯ ನಿಖರತೆಯ ಅಂಕವನ್ನು ಸುಳ್ಳೇ ಏರಿಸುತ್ತವೆ. ಖಾಲಿ ಚಿಪ್ಪಿನ ದಾಖಲೆಗಳನ್ನು ತೆಗೆದುಹಾಕಿ, ಪ್ರವಾಹ ಅವನ್ನು ಎಲ್ಲಿಂದಲೋ ತಂದಿರಬಹುದು. ಇನ್ನೊಂದು ಕೊರತೆ: ಜಲಾನಯನದ ವಿಸ್ತೀರ್ಣ, ಇಳಿಜಾರು, ಶಿಲೆ ನಕ್ಷೆಯಲ್ಲಿ ಸಿಗುತ್ತವೆ, ಆದರೆ ನೆರೆ ಬಂದಾಗ ತಳ ಅಲುಗಾಡದೆ ನಿಲ್ಲುತ್ತದೆಯೇ ಎಂಬುದು ಸಿಗುವುದಿಲ್ಲ. ಕಪ್ಪೆಚಿಪ್ಪಿಗೆ ಬೇಕಾದದ್ದು ಮುಖ್ಯವಾಗಿ ಅದೇ. ಹೆಚ್ಚು ಹರಿವಿನಲ್ಲಿ ತಳದ ಮೇಲೆ ಬೀಳುವ ಕತ್ತರಿ ಒತ್ತಡವನ್ನು (ಹರಿವ ನೀರು ತಳವನ್ನು ಉಜ್ಜಿ ಎಳೆಯುವ ಬಲ) ಲೆಕ್ಕಹಾಕಿ ಮಾದರಿಗೆ ಸೇರಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಮೀನು. ಇವುಗಳ ಲಾರ್ವಾಗಳು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ವಾರ, ಕೆಲವು ಪ್ರಭೇದಗಳಲ್ಲಿ ತಿಂಗಳುಗಟ್ಟಲೆ, ಕಳೆಯಬೇಕು. ಉತ್ತರ ಅಮೆರಿಕದ ಲ್ಯಾಂಪ್ಸಿಲಿಸ್ ಎಂಬ ಕಪ್ಪೆಚಿಪ್ಪಿನ ಹೆಣ್ಣು ತನ್ನ ಮೈಯಂಚನ್ನೇ ಪುಟ್ಟ ಮೀನಿನಂತೆ ಅಲೆಯಾಡಿಸುತ್ತದೆ, ಅದರಲ್ಲೊಂದು ಕಪ್ಪು ಕಣ್ಣುಚುಕ್ಕೆಯೂ ಇರುತ್ತದೆ. ಬ್ಯಾಸ್ ಮೀನು ಕಚ್ಚಿದ ಕ್ಷಣ ಲಾರ್ವಾಗಳು ಅದರ ಬಾಯೊಳಗೆ ಚಿಮ್ಮುತ್ತವೆ. ಕೆಳಗಡೆಯ ಒಂದು ಅಣೆಕಟ್ಟು ಮೀನನ್ನು ತಡೆದರೆ ಎಷ್ಟು ಒಳ್ಳೆಯ ಜಲ್ಲಿಯಿದ್ದರೂ ಖಾಲಿಯೇ. ಇಂಥ ಭಾಗವನ್ನು ಕೈಬಿಡಬಾರದು. ತಡೆ ತೆರವಿನ ಪಟ್ಟಿಗೆ ಸೇರಿಸಬೇಕು.

ಆದ್ಯತೆ ಕೊಡುವಾಗ ಸೂಕ್ತತೆಯ ಅಂಕವೊಂದನ್ನೇ ನೋಡಿ ಭಾಗಗಳನ್ನು ಸಾಲಾಗಿ ಜೋಡಿಸಬೇಡಿ. ಮರಿಗಳು ಸಿಕ್ಕ ಭಾಗ ಮೊದಲು, ಅದರ ಮೇಲ್ಭಾಗದ ಜಲಾನಯನವೂ ಜೊತೆಗೇ, ಏಕೆಂದರೆ ಮೇಲಿಂದ ಹರಿದುಬರುವ ಹೂಳು ಗಡಿ ಕೇಳುವುದಿಲ್ಲ. ಬರೀ ದೊಡ್ಡವೇ ಸಿಕ್ಕರೆ ಸಮಾಧಾನ ಬೇಡ. ಯುರೋಪಿನ ಮುತ್ತಿನ ಕಪ್ಪೆಚಿಪ್ಪು 100 ವರ್ಷಕ್ಕೂ ಮೀರಿ ಬದುಕುತ್ತದೆ. ದಶಕಗಳಿಂದ ಸಂತಾನವೇ ಇಲ್ಲದ ಕಪ್ಪೆಚಿಪ್ಪುಗಳ ಗುಂಪು ನಕ್ಷೆಯಲ್ಲಿ ‘ಇದೆ’ ಎಂದೇ ತೋರುತ್ತದೆ. ಅಮೆರಿಕವು 2023ರಲ್ಲಿ ಅಳಿದವೆಂದು ರಕ್ಷಣಾ ಪಟ್ಟಿಯಿಂದ ತೆಗೆದ 21 ಪ್ರಭೇದಗಳಲ್ಲಿ 8 ಸಿಹಿನೀರಿನ ಕಪ್ಪೆಚಿಪ್ಪುಗಳು ಎಂಬುದು ನೆನಪಿರಲಿ.

ಮೀನೂ ಇದೆ, ತಳವೂ ಗಟ್ಟಿ, ಆದರೂ ಖಾಲಿ ಎಂದಾದರೆ ನದಿಯನ್ನೇ ಕೇಳಿ. ಅನುಮತಿ ಪಡೆದು, ಸಾಕಿದ ಮರಿಗಳನ್ನು ಜಾಲರಿ ಪಂಜರದಲ್ಲಿ ಒಂದು ಋತು ಅಲ್ಲಿಡಿ. ಚೆನ್ನಾಗಿ ಬೆಳೆಯುವ ಹೋಲಿಕೆಯ ತಾಣದಲ್ಲೂ ಅಷ್ಟೇ ಇಡಿ. ಹೂಳು ಕಟ್ಟಿ ಉಸಿರುಗಟ್ಟದಂತೆ ಆಗಾಗ ಜಾಲರಿ ಉಜ್ಜಿ. ಎರಡೂ ಕಡೆ ಬೆಳೆದರೆ ಆ ಭಾಗ ಮರುಪರಿಚಯಕ್ಕೆ ಸಿದ್ಧ. ಅಲ್ಲಿ ಮಾತ್ರ ಸತ್ತರೆ ಜಲ್ಲಿಯ ಸಂದುಗಳ ನೀರಿನಲ್ಲಿ ಅಮೋನಿಯಾ ಮತ್ತು ತಾಮ್ರ ಅಳೆಯಿರಿ. ಮರಿಗಳಿಗೆ ಅವೆರಡೂ ಬಹಳ ಸಣ್ಣ ಪ್ರಮಾಣದಲ್ಲೇ ವಿಷ.