ಶ್ವಾಸಕೋಶಕ್ಕೆ ಕವಾಟ: ಮೊದಲ ಮೂರು ದಿನ

ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಗೂಡುಗಳು ಹಾಳಾಗುವ ರೋಗ, ಇರುವವರನ್ನು ಕೇಳಿದರೆ ಉಸಿರು ಎಳೆದುಕೊಳ್ಳಲು ಆಗುತ್ತಿಲ್ಲ ಎನ್ನುತ್ತಾರೆ. ಅವರಿಗೆ ಹಾಗೆ ಅನಿಸುವುದು ನಿಜ, ಆದರೆ ಮೂಲ ತೊಂದರೆ ಉಸಿರು ಬಿಡುವುದರಲ್ಲಿದೆ. ಗಾಳಿಗೂಡುಗಳ ಗೋಡೆ ಹಾಳಾದಾಗ ಶ್ವಾಸಕೋಶ ಮೊದಲಿನಂತೆ ಕುಗ್ಗುವುದಿಲ್ಲ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಬಂದುಬಿಡುತ್ತದೆ. ಹೀಗೆ ಹಳೆಯ ಗಾಳಿ ತುಂಬಿ ಉಬ್ಬಿದ ಶ್ವಾಸಕೋಶ ಕೆಳಗಿನ ವಪೆಯನ್ನು ಒತ್ತುತ್ತದೆ. ಗುಮ್ಮಟದಂತೆ ಇರಬೇಕಾದ ಆ ಸ್ನಾಯು ತಟ್ಟೆಯಂತೆ ಚಪ್ಪಟೆಯಾದರೆ ಗಾಳಿ ಎಳೆಯಲು ಅದಕ್ಕೆ ಬಲ ಸಾಲದು. ಸ್ನಾನ ಮುಗಿಸಿ ಅಂಗಿ ತೊಡುವಷ್ಟರಲ್ಲಿ ಏದುಸಿರು ಬರುವುದು ಇದರಿಂದಲೇ.

ಶ್ವಾಸಕೋಶ ಹಾಲೆಗಳೆಂಬ ಭಾಗಗಳಾಗಿ ಹಂಚಿಕೊಂಡಿದೆ. ಹೆಚ್ಚು ಹಾಳಾದ ಒಂದು ಹಾಲೆಯನ್ನು ಮುದುಡಿಸಿದರೆ ಉಳಿದ ಹಾಲೆಗಳಿಗೆ ಜಾಗ ಸಿಗುತ್ತದೆ, ವಪೆ ಮತ್ತೆ ಮೇಲಕ್ಕೆ ಬಾಗುತ್ತದೆ. ಮೊದಲು ಇದಕ್ಕೆ ಎದೆ ಕೊಯ್ಯಬೇಕಿತ್ತು. ಈಗ ಶ್ವಾಸನಾಳದೊಳಗೆ ಇಳಿಸುವ ಕ್ಯಾಮೆರಾ ಕೊಳವೆಯಾದ ಬ್ರಾಂಕೋಸ್ಕೋಪಿನ ಮೂಲಕ ಆ ಹಾಲೆಗೆ ಹೋಗುವ ನಾಳದ ಕವಲುಗಳಲ್ಲಿ ಕವಾಟ ಇಡುತ್ತಾರೆ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಜೆಫೈರ್ ಮತ್ತು ಸ್ಪೈರೇಷನ್ ಎಂಬ ಎರಡು ಬಗೆಗಳಿಗೆ ಒಪ್ಪಿಗೆ ಕೊಟ್ಟಿತು. ಜೆಫೈರ್‌ನಲ್ಲಿ ನಿಟಿನಾಲ್ ಎಂಬ ಮಿಶ್ರಲೋಹದ ತಂತಿಯ ಚೌಕಟ್ಟಿನೊಳಗೆ ಬಾತುಕೋಳಿ ಕೊಕ್ಕಿನ ಆಕಾರದ ಸಿಲಿಕೋನ್ ಕವಾಟವಿದೆ. ಸ್ಪೈರೇಷನ್ ಪುಟ್ಟ ಕೊಡೆಯಂತಿದೆ. ಎರಡೂ ಗಾಳಿ ಮತ್ತು ಕಫವನ್ನು ಹೊರಗೆ ಬಿಡುತ್ತವೆ, ಹೊಸ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಒಂದು ಹಾಲೆಗೆ ಸಾಮಾನ್ಯವಾಗಿ ಮೂರರಿಂದ ಐದು ಕವಾಟ ಬೇಕು. ಒಂದೇ ಒಂದು ಕವಲು ತೆರೆದುಕೊಂಡಿದ್ದರೂ ಹಾಲೆ ಮುದುಡುವುದಿಲ್ಲ.

ಎಲ್ಲವೂ ನಿಂತಿರುವುದು ಹಾಲೆಗಳ ನಡುವಿನ ಸೀಳುಗೆರೆಯ ಮೇಲೆ. ಅದು ಅರೆಬರೆಯಾಗಿದ್ದರೆ ಪಕ್ಕದ ಹಾಲೆಯಿಂದ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತದೆ, ಕವಾಟ ಹಾಕಿಯೂ ಪ್ರಯೋಜನವಿಲ್ಲ. ಆರಂಭದ ಪ್ರಯೋಗಗಳಲ್ಲಿ ಫಲ ಮಂಕಾಗಿದ್ದುದಕ್ಕೆ ಇದೇ ದೊಡ್ಡ ಕಾರಣ. ಈಗ ತೆಳುಪದರದ ಸಿಟಿ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಅಳೆಯುತ್ತಾರೆ. ಸೀಳುಗೆರೆ ಶೇ. 80ಕ್ಕಿಂತ ಕಡಿಮೆ ಪೂರ್ಣವಾಗಿದ್ದರೆ ಸಾಮಾನ್ಯವಾಗಿ ಕವಾಟದ ಮಾತೇ ಇಲ್ಲ. ಅನುಮಾನವಿದ್ದರೆ ಚಾರ್ಟಿಸ್ ಪರೀಕ್ಷೆ: ಬಲೂನಿನಿಂದ ಆ ಹಾಲೆಯ ನಾಳ ಮುಚ್ಚಿ, ನಡುವಿನ ತೂತಿನಿಂದ ಬರುವ ಗಾಳಿಯನ್ನು ಅಳೆಯುವುದು. ಹರಿವು ಮೆಲ್ಲನೆ ಇಳಿದು ನಿಂತರೆ ಸರಿ, ಬರುತ್ತಲೇ ಇದ್ದರೆ ಕಳ್ಳದಾರಿ ಇದೆ ಎಂದರ್ಥ. ಹಾಗಾಗಿ ಕವಾಟಕ್ಕೆಂದು ಮಲಗಿದವರು ಕವಾಟವಿಲ್ಲದೆಯೇ ಎಚ್ಚರಗೊಳ್ಳುವುದುಂಟು. ತಿಂಗಳುಗಟ್ಟಲೆ ಕಾದವರಿಗೆ ಇದು ದೊಡ್ಡ ಪೆಟ್ಟು. ಈ ಸಾಧ್ಯತೆಯನ್ನು ವೈದ್ಯರು ಮೊದಲೇ ಬಿಡಿಸಿ ಹೇಳಬೇಕು.

ನಮ್ಮ ಹಳ್ಳಿಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಸೌದೆ ಒಲೆಯ ಹೊಗೆಯಿಂದ ಹೆಂಗಸರಿಗೆ ಬರುವ ಸಿಒಪಿಡಿಯಲ್ಲಿ (ಎಂಫಿಸೀಮಾವನ್ನೂ ಒಳಗೊಂಡ ದೀರ್ಘಕಾಲದ ಶ್ವಾಸಕೋಶ ರೋಗ) ಎಂಫಿಸೀಮಾಕ್ಕಿಂತ ಶ್ವಾಸನಾಳಗಳ ಹಾನಿಯೇ ಹೆಚ್ಚಾಗಿ ಕಾಣುತ್ತದೆ. ಅಂಥವರಲ್ಲಿ ಅನೇಕರಿಗೆ ಈ ಕವಾಟ ಹೊಂದುವುದಿಲ್ಲ. ಬೀಡಿ, ಸಿಗರೇಟು ಸೇದುತ್ತಿರುವವರಿಗಂತೂ ಬಿಟ್ಟು ಕೆಲವು ತಿಂಗಳಾಗುವವರೆಗೆ ಹಾಕುವುದೇ ಇಲ್ಲ.

ಕವಾಟ ಇಡುವ ಕೆಲಸ ಸುಮಾರು ಒಂದು ಗಂಟೆಯೊಳಗೆ ಮುಗಿಯುತ್ತದೆ. ಕಷ್ಟವಿರುವುದು ಅದರ ನಂತರದ ಮೂರು ದಿನದಲ್ಲಿ. ಹಾಲೆ ಬೇಗ ಮುದುಡಿದರೆ ಪಕ್ಕದ ಹಾಲೆ ಆ ಜಾಗ ತುಂಬಲು ಒಮ್ಮೆಲೇ ಹಿಗ್ಗುತ್ತದೆ. ಮೊದಲೇ ಸವೆದ ಅಂಗಾಂಶ ಆ ಎಳೆತಕ್ಕೆ ಹರಿದು, ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಕುಸಿಯಬಹುದು. ಇದೇ ನ್ಯೂಮೊಥೊರಾಕ್ಸ್. ಚಿಕಿತ್ಸೆ ಫಲಿಸಿದಾಗಲೇ ಬರುವ ಅಪಾಯ ಇದು. ಜೆಫೈರ್ ಕವಾಟವನ್ನು ಪರೀಕ್ಷಿಸಿದ 2018ರ ಲಿಬರೇಟ್ ಪ್ರಯೋಗದಲ್ಲಿ ಕವಾಟ ಪಡೆದ 128 ಜನರಲ್ಲಿ 34 ಮಂದಿಗೆ 45 ದಿನದೊಳಗೆ ಹೀಗಾಯಿತು. ಅದೇ ಅವಧಿಯಲ್ಲಿ ನಾಲ್ವರು ತೀರಿಕೊಂಡರು. ಹೆಚ್ಚಿನವು ಮೊದಲ ಮೂರು ದಿನದಲ್ಲೇ ಆಗುವುದರಿಂದ ಅಷ್ಟು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಪಕ್ಕೆಯ ನಡುವೆ ಕೊಳವೆ ಹಾಕಿ ಗಾಳಿ ತೆಗೆಯಬೇಕಾಗಬಹುದು. ಸೋರಿಕೆ ನಿಲ್ಲದಿದ್ದರೆ ಒಂದು ಕವಾಟವನ್ನೋ ಎಲ್ಲವನ್ನೋ ತೆಗೆಯುತ್ತಾರೆ. ಮನೆಗೆ ಹೋದ ಮೇಲೂ ಎದೆಯ ಒಂದು ಬದಿ ಚುಚ್ಚಿ ಉಸಿರು ಏಕಾಏಕಿ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಓಡಬೇಕು.

ಸಲೀಸಾಗಿ ಮುಗಿದವರಿಗೂ ಕೆಲವು ದಿನ ಕೆಮ್ಮು, ಎದೆ ಬಿಗಿತ ಇರುತ್ತದೆ. ಕೆಲವರಿಗೆ ಮಾರನೇ ದಿನವೇ ಎದೆ ಹಗುರ ಅನಿಸುತ್ತದೆ, ಕೆಲವರಿಗೆ ವಾರಗಳು ಬೇಕು. ಲಿಬರೇಟ್‌ನಲ್ಲಿ ಒಂದು ವರ್ಷದ ನಂತರ, ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಶೇ. 15ರಷ್ಟಾದರೂ ಹೆಚ್ಚಿದ್ದು ಕವಾಟ ಪಡೆದವರಲ್ಲಿ ಶೇ. 47.7 ಮಂದಿಗೆ, ಔಷಧಿ ಮಾತ್ರ ಪಡೆದವರಲ್ಲಿ ಶೇ. 16.8 ಮಂದಿಗೆ. ಆರು ನಿಮಿಷದ ನಡಿಗೆಯಲ್ಲಿ ಎರಡು ಗುಂಪುಗಳ ನಡುವಿನ ಅಂತರ ಸರಾಸರಿ 39 ಮೀಟರ್. ಆರೋಗ್ಯವಂತರಿಗೆ ಇದು ಏನೂ ಅಲ್ಲ. ಬಚ್ಚಲಿಗೆ ಹೋಗಿ ಬರುವುದೇ ಪ್ರಯಾಣವಾದವರಿಗೆ ಮನೆಯಿಂದ ಬೀದಿಯ ಅಂಗಡಿವರೆಗಿನ ದೂರ.

ಬಂದ ಸುಖ ಮುಂದೆ ಹಠಾತ್ತನೆ ಕಳೆದುಹೋದರೆ ರೋಗ ಬೆಳೆಯಿತೆಂದು ಸುಮ್ಮನಾಗಬಾರದು. ಕವಾಟ ಜಾರಿರಬಹುದು, ಕೆಮ್ಮಿನಲ್ಲಿ ಹೊರಬಂದಿರಬಹುದು, ಸುತ್ತ ಮಾಂಸ ಬೆಳೆದು ಅಂಚಿನಲ್ಲಿ ಗಾಳಿ ನುಸುಳುವ ಸಂದು ಉಂಟಾಗಿರಬಹುದು. ಸಿಟಿ ಮತ್ತು ಬ್ರಾಂಕೋಸ್ಕೋಪಿಯಲ್ಲಿ ಇದು ಗೊತ್ತಾಗುತ್ತದೆ. ಹಳೆಯದನ್ನು ಚಿಮಟದಿಂದ ಹಿಡಿದು ತೆಗೆದು ಅಳತೆಗೆ ತಕ್ಕ ಹೊಸದನ್ನು ಇಡುತ್ತಾರೆ.