ಪದ ಪರಿಚಯ: ಕೊಲೋನ್

ರೈಲ್ವೆ ಕಾಲೋನಿ, ಟೀಚರ್ಸ್ ಕಾಲೋನಿ ಅಂತ ವಿಳಾಸದಲ್ಲಿ ಬರೀತೀವಿ ಅಲ್ವಾ? ಜರ್ಮನಿಯ ರೈನ್ ನದಿ ದಂಡೆಯಲ್ಲಿರುವ ದೊಡ್ಡ ಊರು ಕೊಲೋನ್‌ನ ಹೆಸರೂ ಅದೇ ಪದ. ಎರಡಕ್ಕೂ ತಾಯಿ ಲ್ಯಾಟಿನ್ನಿನ 'ಕೊಲೊನಿಯಾ'.

ಅದರ ಬೇರು 'ಕೊಲೆರೆ'. ಉಳುವುದು, ನೆಲೆಸುವುದು ಎರಡೂ ಅದರ ಅರ್ಥ. ನಮ್ಮ 'ಒಕ್ಕಲು' ಕೂಡ ಹೀಗೆಯೇ. ಒಕ್ಕಲುತನ ಅಂದರೆ ಬೇಸಾಯ, ಮನೆ ಒಕ್ಕಲು ಅಂದರೆ ಹೊಸ ಮನೆಗೆ ಹೋಗುವುದು. ಎಷ್ಟೋ ದೂರದ ಎರಡು ಭಾಷೆಗಳು ಒಂದೇ ಥರ ಯೋಚಿಸಿದ್ದು ನನಗೆ ತುಂಬಾ ಇಷ್ಟ.

ಈ ಊರಿನ ಮೊದಲ ಹೆಸರು ಇದಲ್ಲ. ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಉಬಿ ಎಂಬ ಜರ್ಮನ್ ಬುಡಕಟ್ಟಿನವರನ್ನು ನದಿಯ ಎಡದಂಡೆಗೆ ತಂದು ನೆಲೆಗೊಳಿಸಿದ. ಆಗ ಅದು 'ಓಪ್ಪಿಡಮ್ ಉಬಿಯೋರಮ್', ಉಬಿಗಳ ಊರು. ಅಲ್ಲೊಂದು ಬಲಿಪೀಠ ಎದ್ದ ಮೇಲೆ 'ಆರಾ ಉಬಿಯೋರಮ್' ಎಂಬ ಹೆಸರೂ ಬಂತು. ಅದೇ ಅಗ್ರಿಪ್ಪನ ಮೊಮ್ಮಗಳು ಅಗ್ರಿಪ್ಪಿನಾ ಹುಟ್ಟಿದ್ದು ಇದೇ ಊರಲ್ಲಿ. ಮುಂದೆ ಅವಳು ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿಯಾದಳು. ಕ್ರಿ.ಶ. 50ರಲ್ಲಿ ನಿವೃತ್ತ ಸೈನಿಕರನ್ನು ಅಲ್ಲಿಗೆ ಕಳಿಸಿ, ಹುಟ್ಟೂರಿಗೆ ಕೊಲೊನಿಯಾದ, ಅಂದರೆ ರೋಮನ್ನರ ಅಧಿಕೃತ ನೆಲೆಯ, ಪಟ್ಟ ಕೊಡಿಸಿದಳು. ತನ್ನ ಅಧಿಕಾರ ಎಷ್ಟಿದೆ ಅಂತ ಹೊರಗಿನವರಿಗೂ ತೋರಿಸಲು ಹೀಗೆ ಮಾಡಿದಳು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಹೊಸ ಹೆಸರು ಉದ್ದುದ್ದ: 'ಕೊಲೊನಿಯಾ ಕ್ಲಾಡಿಯಾ ಆರಾ ಅಗ್ರಿಪ್ಪಿನೆನ್ಸಿಯಮ್'. ಗಂಡನ ಹೆಸರು, ಬಲಿಪೀಠ, ತನ್ನ ಹೆಸರು ಎಲ್ಲ ಅದರಲ್ಲಿತ್ತು. ಉಬಿಗಳ ಹೆಸರು ಮಾತ್ರ ಹೋಯಿತು.

ಇಷ್ಟುದ್ದ ಹೆಸರನ್ನು ದಿನಾ ಯಾರು ಹೇಳುತ್ತಾರೆ? ಜನ ಅದನ್ನು ಸವೆಸಿದರು. 5ನೇ ಶತಮಾನದಲ್ಲಿ ರೋಮನ್ನರ ಆಳ್ವಿಕೆ ಮುಗಿದು ಊರು ಫ್ರಾಂಕರು ಎಂಬ ಜರ್ಮನ್ ಬುಡಕಟ್ಟಿನವರ ಕೈಸೇರಿತು. ಕಾಲ ಕಳೆದಂತೆ ರಾಣಿಯೂ ರಾಜನೂ ಹೆಸರಿನಿಂದ ಉದುರಿ 'ಕೊಲೊನಿಯಾ' ಉಳಿಯಿತು. ಜರ್ಮನ್ನರ ಬಾಯಲ್ಲಿ ಅದು 'ಕ್ಯೋಲ್ನ್', ಊರಿನವರ ಆಡುಮಾತಲ್ಲಿ 'ಕ್ಯೋಲೆ', ಡಚ್ಚರಿಗೆ 'ಕ್ಯೋಲೆನ್'. 'ಕೊಲೋನ್' ಫ್ರೆಂಚ್ ರೂಪ. ನಮ್ಮಲ್ಲಿ ಜ್ವರ ಬಂದಾಗ ಹಣೆಯ ಒದ್ದೆಬಟ್ಟೆಗೆ ಚಿಮುಕಿಸುತ್ತಿದ್ದ ಯೂಡಿಕೊಲೋನ್ ಕೂಡ ಫ್ರೆಂಚಿನದೇ: 'ಕೊಲೋನಿನ ನೀರು'. 18ನೇ ಶತಮಾನದಲ್ಲಿ ಅದನ್ನು ಅಲ್ಲಿ ತಯಾರಿಸಿ ಹೆಸರುವಾಸಿ ಮಾಡಿದವನು ಇಟಲಿಯಿಂದ ಬಂದ ಫರೀನಾ.

ರೋಮನ್ ಕಾಲದ ಉತ್ತರ ಬಾಗಿಲಿನ ಕಮಾನು ಆ ಊರಿನ ಮ್ಯೂಸಿಯಂಗೆ ಸೇರಿದೆ. ಹಳೆಯ ಉದ್ದ ಹೆಸರಿನ ಮೊದಲಕ್ಷರಗಳು, ಸಿ ಸಿ ಎ ಎ, ಅದರ ಕಲ್ಲಲ್ಲಿವೆ. ಊರಿನ ಹೆಸರನ್ನು ಜರ್ಮನ್ನಿನಲ್ಲಿ 'ಸಿ' ಅಕ್ಷರದಿಂದ ಬರೆಯುವ ರೂಢಿಯೂ ಬಹಳ ಕಾಲ ಇತ್ತು. 1919ರಲ್ಲಿ ಅಧಿಕೃತವಾಗಿ 'ಕೆ' ಬಂತು.