ಮಳೆಗಾಲದಲ್ಲಿ ಉಪ್ಪು ಯಾಕೆ ನೀರಾಗುತ್ತದೆ, ನಾಲಿಗೆಗೆ ಯಾಕೆ ಬೇರೆಯಾಗುತ್ತದೆ

ಚಕ್ಕೋತದ ಒಂದು ತೊಳೆಗೆ ಪುಡಿ ಉಪ್ಪು, ಇನ್ನೊಂದಕ್ಕೆ ಜಜ್ಜಿದ ಕಲ್ಲುಪ್ಪು ಉದುರಿಸಿ ತಿಂದು ನೋಡಿ. ಎರಡೂ ಸೋಡಿಯಂ ಕ್ಲೋರೈಡೇ. ಆದರೂ ರುಚಿ ಬೇರೆ ಅನ್ನಿಸುತ್ತದೆ, ಅಲ್ವಾ?

ಉಪ್ಪು ಕರಗಿದರೆ ಮಾತ್ರ ನಾಲಿಗೆಗೆ ತಿಳಿಯುವುದು. ಪುಡಿಯ ಕಣ ಸಣ್ಣದು, ಜೊಲ್ಲು ತಾಗಿದ ಕೂಡಲೇ ಕರಗಿ ಒಮ್ಮೆಲೇ ಹೊಡೆಯುತ್ತದೆ. ಕಲ್ಲುಪ್ಪಿನ ಚೂರು ಹಲ್ಲಿಗೆ ಸಿಕ್ಕಿ ಕಟುಕ್ ಅನ್ನುತ್ತದೆ, ಅಲ್ಲೊಂದು ಇಲ್ಲೊಂದು ಕಡೆ ನಿಧಾನವಾಗಿ ಕರಗುತ್ತದೆ, ಹಾಗಾಗಿ ಒಂದು ಸಲ ಹುಳಿ, ಒಂದು ಸಲ ಉಪ್ಪು, ನಡುವೆ ಸಿಪ್ಪೆಯ ಸಣ್ಣ ಕಹಿ ಎಲ್ಲವೂ ಬೇರೆ ಬೇರೆಯಾಗಿ ಸಿಗುತ್ತವೆ. ನನಗೆ ಇದೇ ಜಾಸ್ತಿ ಇಷ್ಟ.

ನಮ್ಮ ಕೊಡಗಿನ ಹಂದಿ ಮಾಂಸದ ಸಾರು ಪಂದಿ ಕರಿಯಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ. ಹರಳು ಕರಗಿದ ಮೇಲೆ ಅದರ ಆಕಾರಕ್ಕೆ ಕೆಲಸವಿಲ್ಲ. ಪಾಕಿಸ್ತಾನದ ಖೇವ್ರಾ ಗಣಿಯ ಗುಲಾಬಿ ಇಂದುಪ್ಪಿನಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ ಇದೆ, ಬಣ್ಣ ಕೊಡುವುದು ಚೂರು ಕಬ್ಬಿಣ. ಪಂದಿ ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಮುಂದೆ ಅದು ಯಾರ ನಾಲಿಗೆಗೂ ಸಿಗದು, ಸುಮ್ನೆ ದುಡ್ಡು ದಂಡ. ಅಳತೆ ಮಾತ್ರ ನೋಡಿಕೊಳ್ಳಿ: ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ, ದಪ್ಪ ಹರಳಿನ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ. ಕಪ್ಪುಪ್ಪಿನ ಲೆಕ್ಕ ಬೇರೆ. ಅದರಲ್ಲಿ ಗಂಧಕದ ಮೊಟ್ಟೆ ವಾಸನೆ ಇದೆ, ಕುದಿಸಿದರೆ ಹಾರಿಹೋಗುತ್ತದೆ, ಕೊನೆಗೆ ಮೇಲೆ ಉದುರಿಸಬೇಕು.

ಇನ್ನು ನಮ್ಮ ಮಳೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಶುದ್ಧ ಉಪ್ಪೂ ನೀರು ಎಳೆದುಕೊಂಡು ಕರಗತೊಡಗುತ್ತದೆ. ಜುಲೈನಲ್ಲಿ ಮಡಿಕೇರಿಯ ಗಾಳಿ ಎಷ್ಟೋ ದಿನ 90 ದಾಟುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಕಡೆ ಬಿಸಿಲಿಗೆ ಒಣಗಿಸಿದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ ಶೇಕಡಾ 33ರಷ್ಟು ತೇವವೇ ಸಾಕು. ಕಲ್ಲುಪ್ಪಿನ ಬುಟ್ಟಿಯಿಂದ ತೊಟ್ಟಿಕ್ಕುವ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿ. ಅದು ಸೋರಿದಷ್ಟೂ ಉಳಿದ ಉಪ್ಪಿನ ಕಹಿ ಕಡಿಮೆಯಾಗುತ್ತದೆ.

ಒಲೆಯ ಪಕ್ಕ ಉಪ್ಪಿನ ಭರಣಿ ಇಡುವುದರ ಗುಟ್ಟೂ ಇಷ್ಟೇ. ಬಿಸಿಯಾದ ಗಾಳಿಯಲ್ಲಿ ತೇವದ ಶೇಕಡಾ ಇಳಿಯುತ್ತದೆ, ಹರಳು ಒಣಗಿ ಗರಿಗರಿಯಾಗಿರುತ್ತದೆ. ಅಯೋಡಿನ್ ಉಪ್ಪನ್ನು ಮಾತ್ರ ಅಲ್ಲಿಡಬೇಡಿ. ಬಿಸಿಗೂ ತೇವಕ್ಕೂ ಅಯೋಡಿನ್ ನಷ್ಟವಾಗುತ್ತದೆ. ಗಳಗಂಡ ತಡೆಯಲು ಅದು ಬೇಕೇ ಬೇಕು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಟ್ಟು, ಸಾರಿಗೆ ಕೊನೆಯಲ್ಲಿ ಹಾಕಿ.